ಓದಿ ಹೇಳಲಾಗದ ಪ್ರಾರ್ಥನೆ

"ಬರೀ ಪ್ರಾರ್ಥನೆ ತಾನೇ? ಅದರಿಂದ ಯಾರಿಗೇನು ನಷ್ಟ?" ನಮ್ಮ ಸಭೆಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಅದನ್ನು ತಡೆದು ಪ್ರಶ್ನೆ ಕೇಳಿದವನನ್ನೇ ವಿಶ್ವಾಸ ಕಡಿಮೆಯಾದವನೆಂದು ನೋಡುತ್ತಾರೆ. ನೋಡಲಿ. ನಾನು ಕ್ರೈಸ್ತ, ಪ್ರಾರ್ಥನೆ ಮಾಡುವವನು, ಮಂಡ್ಯ ಸೀಮೆಯವನು. ಈ ಮೂರೂ ಆಗಿಯೇ ಹೇಳುತ್ತೇನೆ: ಜಾಗತಿಕ ಮಿಷನ್ ಪ್ರಾರ್ಥನೆಯ ಹೆಸರಿನಲ್ಲಿ ತಯಾರಾಗುವ ಜನರ ಪಟ್ಟಿ, ನಕಾಶೆ, ಶೇಕಡಾವಾರು ಲೆಕ್ಕಗಳಿಂದ ನಷ್ಟವಾಗುತ್ತಿದೆ. ನೆರೆಹೊರೆಯವರಿಗೆ ನಷ್ಟ, ಹಳ್ಳಿಯ ಕ್ರೈಸ್ತನಿಗೆ ನಷ್ಟ, ಕಡೆಗೆ ಪ್ರಾರ್ಥನೆಗೇ ನಷ್ಟ.

ಈ ಪಟ್ಟಿಗಳನ್ನು ಕಾಣದವರಿಗಾಗಿ ಒಂದಿಷ್ಟು ಹಿನ್ನೆಲೆ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ, ಬಿಲ್ಲಿ ಗ್ರಹಾಂ ಮುಂದಾಳತ್ವದಲ್ಲಿ, ಲೋಕಸುವಾರ್ತಾ ಸಮ್ಮೇಳನ ನಡೆಯಿತು. ಅಮೆರಿಕದ ರಾಲ್ಫ್ ವಿಂಟರ್ ಅಲ್ಲಿ ಎದ್ದು ನಿಂತು, ಇನ್ನು ಮೇಲೆ ದೇಶಗಳನ್ನಲ್ಲ, ಜನಾಂಗಗಳನ್ನು ಗಮನಿಸಬೇಕು ಎಂದು ವಾದಿಸಿದರು. 1990ರ ಹೊತ್ತಿಗೆ ಲೂಯಿಸ್ ಬುಶ್ ಎಂಬುವರು ಭೂಪಟದ ಮೇಲೆ ಉತ್ತರ ಅಕ್ಷಾಂಶ 10ರಿಂದ 40ರವರೆಗೆ ಚೌಕ ಎಳೆದು, ಅದಕ್ಕೆ '10/40 ಕಿಟಕಿ' ಎಂದು ಹೆಸರಿಟ್ಟರು. 1995ರಲ್ಲಿ ಇಂಥ ಪಟ್ಟಿಗಳನ್ನು ತಯಾರಿಸುವ ಜೋಷುವಾ ಪ್ರಾಜೆಕ್ಟ್ ಶುರುವಾಯಿತು. ಅದರ ನಿಯಮ ಸರಳ: ಯಾವ ಜನಾಂಗದಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರು ಶೇ. 2ನ್ನು ಮೀರಿಲ್ಲವೋ, ಒಟ್ಟು ಕ್ರೈಸ್ತರು ಶೇ. 5ನ್ನು ಮೀರಿಲ್ಲವೋ, ಅದು ಸುವಾರ್ತೆ 'ತಲುಪದ' ಜನಾಂಗ. ಭಾರತದ ಮಟ್ಟಿಗೆ ಜನಾಂಗ ಎಂದರೆ ಜಾತಿ. ಒಕ್ಕಲಿಗರಿಗೊಂದು ಪುಟ, ಕುರುಬರಿಗೊಂದು ಪುಟ, ಲಿಂಗಾಯತರಿಗೊಂದು ಪುಟ. ಪ್ರತಿ ಪುಟಕ್ಕೂ ಒಂದು ಜನಸಂಖ್ಯೆ, ಒಂದು ಕೆಂಪು ಗುರುತು, ಕೆಳಗೆ ಪ್ರಾರ್ಥನೆಯ ಅಂಶಗಳು. ಶ್ರೀರಂಗಪಟ್ಟಣ ಇರುವುದು 12.4 ಡಿಗ್ರಿ ಉತ್ತರದಲ್ಲಿ, ಅಂದರೆ ಕಿಟಕಿಯ ಒಳಗೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲವೂ ಅಷ್ಟೇ. ಶೇ. 2ರ ಅಳತೆಗೋಲಿನಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳು ಕೆಂಪೇ ಕೆಂಪು.

ತಲುಪಿಲ್ಲವಂತೆ! ಈ ಸೀಮೆಗೆ ತಲುಪದವರು ಯಾರಿದ್ದಾರೆ ಸ್ವಾಮಿ? ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಜೈನರ ಪಂಚಕೂಟ ಬಸದಿ ಇದೆ. ಅದೇ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಾಥಪಂಥ ಬೇರುಬಿಟ್ಟಿತು. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳಿಗೆ ತಮಿಳು ಸೀಮೆಯಿಂದ ರಾಮಾನುಜರು ಬಂದರು. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನ ಗೋಪುರವೂ ಟಿಪ್ಪು ಕಟ್ಟಿಸಿದ ಮಸೀದಿಯ ಮಿನಾರುಗಳೂ ಇವೆ. ಒಂದು ಸಾವಿರ ವರ್ಷದಿಂದ ದೇವರ ಬಗ್ಗೆ ವಾದ ಮಾಡಿಕೊಂಡು, ಮತ ಬದಲಿಸಿಕೊಂಡು, ಜಗಳವಾಡಿ, ರಾಜಿಯಾಗಿ ಬದುಕಿದ ನೆಲ ಇದು. ಇಲ್ಲಿನವರನ್ನು ಯಾರೂ ಮುಟ್ಟದ ಕಾಡಿನ ಜನರಂತೆ ಚಿತ್ರಿಸುವುದಕ್ಕೆ ಅಜ್ಞಾನ ಬೇಕು, ಇಲ್ಲವೇ ಸ್ವಾರ್ಥ ಬೇಕು.

ಸುವಾರ್ತೆಯ ಮಾತನ್ನೇ ಎತ್ತಿಕೊಳ್ಳೋಣ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದದ್ದು 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ. ಅಮೆರಿಕ ಎಂಬ ದೇಶ ಹುಟ್ಟುವುದಕ್ಕೆ ಇನ್ನೂ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಇತ್ತು. ಆತ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದ. 1784ರಲ್ಲಿ ಟಿಪ್ಪು ಕೆನರಾ ಕರಾವಳಿಯ ಕ್ರೈಸ್ತರನ್ನು ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿ ತಂದ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಲೆಕ್ಕವಿಲ್ಲದಷ್ಟು. ಕ್ರಿಸ್ತನ ಹೆಸರು ಈ ಊರಿಗೆ ಹಾಗೂ ತಲುಪಿದೆ, ಸೆರೆಯಾಳುಗಳ ಬಾಯಲ್ಲಿ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಂದಿಗೂ ಇಗರ್ಜಿಯಿದೆ, ಪೂಜೆ ನಡೆಯುತ್ತದೆ. ಆದರೆ ಅಲ್ಲಿ ಮೊಣಕಾಲೂರುವವರು ಕೆಥೊಲಿಕರು, ಇವ್ಯಾಂಜೆಲಿಕಲರಲ್ಲ. ಆದ್ದರಿಂದ ಅವರು ಆ ಶೇ. 2ರ ಲೆಕ್ಕಕ್ಕೆ ಬರುವುದೇ ಇಲ್ಲ! ಮುನ್ನೂರೈವತ್ತು ವರ್ಷಕ್ಕೂ ಮೀರಿದ ವಿಶ್ವಾಸವನ್ನು ಒಂದು ಕಾಲಂ ನುಂಗಿ ನೀರು ಕುಡಿಯಿತು. ಹೀಗೆ ನುಂಗುವ ಕಾಲಂ ಇಟ್ಟುಕೊಂಡವರು ನಮಗೋಸ್ಕರ ಕಣ್ಣೀರಿಟ್ಟು ಪ್ರಾರ್ಥಿಸುತ್ತಾರಂತೆ.

ಗಂಜಾಂ ಎಂದ ಮೇಲೆ ಅಬ್ಬೆ ದ್ಯುಬುವಾ ಅವರ ಸುದ್ದಿ ಎತ್ತದೆ ಮುಂದೆ ಹೋಗುವುದಾಗದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಬಲವಂತವಾಗಿ ಮತ ಬದಲಿಸಬೇಕಾಗಿ ಬಂದಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅವರು. ಪ್ಯಾರಿಸ್ ಮಿಷನ್ನಿನವರು. ದೇಸಿ ಉಡುಪು ತೊಟ್ಟು, ಮಾಂಸ ಬಿಟ್ಟು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. ಹಾಸನದ ಕಡೆ ಸಾತಳ್ಳಿಯಲ್ಲಿ ಗತಿಗೆಟ್ಟ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ 1803–04ರಲ್ಲಿ, ಅವರ ಕೈಕೆಳಗೆ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432. ಇದೂ ಲೆಕ್ಕವೇ. ಆದರೆ ಇದು ಜನರಿಗೆ ಕೊಟ್ಟದ್ದರ ಲೆಕ್ಕ, ಜನರಿಂದ ಗಿಟ್ಟಿಸಬೇಕಾದ್ದರ ಲೆಕ್ಕವಲ್ಲ.

ಮತಾಂತರದ ಲೆಕ್ಕವನ್ನೂ ಅವರು ಒಪ್ಪಿಸಿದರು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಬರೆದದ್ದು ಇದು: ಇಪ್ಪತ್ತೈದು ವರ್ಷ ದುಡಿದು ತಾವು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲಿ ಹೆಚ್ಚಿನವರು ಬೇರೆ ದಿಕ್ಕಿಲ್ಲದೆ ಬಂದವರು, ಇಲ್ಲಿನ ಜನರನ್ನು ಮತಾಂತರಿಸುವ ಆಸೆ ಕೈಗೂಡುವಂಥದ್ದಲ್ಲ. ಅವಸರದಲ್ಲಿ ದೇಸಿ ಭಾಷೆಗಳಿಗೆ ತಂದ ಸತ್ಯವೇದದ ಅನುವಾದಗಳನ್ನೂ ಝಾಡಿಸಿದರು. ಅವರ ತೀರ್ಮಾನ ತಪ್ಪೆಂದು ಬೇರೆ ಮಿಷನರಿಗಳು ಮೇಲೆ ಬಿದ್ದು ಪುಸ್ತಕ ಬರೆದರು, ಬರೆಯಲಿ. ದಿಕ್ಕಿಲ್ಲದವರ ಬಗ್ಗೆ ಅವರಾಡಿದ ಮಾತಿನಲ್ಲಿದ್ದ ತಾತ್ಸಾರವನ್ನು ನಾನೂ ಒಪ್ಪುವುದಿಲ್ಲ. ಆದರೆ ಒಂದು ಕೇಳುತ್ತೇನೆ: ಇಂದು ಯಾವ ಮಿಷನ್ ವರದಿಯಲ್ಲಿ ಇಂಥ ಒಂದು ಪುಟ ಅಚ್ಚಾಗಲು ಸಾಧ್ಯ? ಇಪ್ಪತ್ತೈದು ವರ್ಷ ಒಂದೇ ಸೀಮೆಯಲ್ಲಿ ಸವೆದವನು ಸೋತೆ ಎಂದು ಬರೆದ. ನಮ್ಮ ಸೀಮೆಯ ಧೂಳು ಮೆಟ್ಟದವರು ಮುಂದಿನ ಐದು ವರ್ಷದ ಗುರಿಯನ್ನು ಬಣ್ಣಬಣ್ಣದ ನಕಾಶೆಯಲ್ಲಿ ತೋರಿಸುತ್ತಾರೆ.

ಅದೇ ದ್ಯುಬುವಾ ಅವರ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಇಂದಿನ ಪಟ್ಟಿಗಾರರು ಓದಲೇಬೇಕಾದದ್ದು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡುಕೊಂಡಿತು. ಕಂಪನಿಗೆ ಯಾಕೆ ಬೇಕಿತ್ತು? ಭಕ್ತಿಗಲ್ಲ, ಆಳುವುದಕ್ಕೆ. ಸಾಲದ್ದಕ್ಕೆ, ಆ ಬರಹದ ಬಹುಪಾಲು ಅವರಿಗಿಂತ ಮೊದಲಿನ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಟಿಪ್ಪಣಿಗಳಿಂದ ಎತ್ತಿದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಒಬ್ಬನ ಟಿಪ್ಪಣಿ ಇನ್ನೊಬ್ಬನ ಪುಸ್ತಕವಾಯಿತು, ಪುಸ್ತಕ ಸರ್ಕಾರದ ಕೈಪಿಡಿಯಾಯಿತು. ಜನರ ಜಾತಿ, ಪದ್ಧತಿ, ದೌರ್ಬಲ್ಯಗಳನ್ನು ಪಟ್ಟಿ ಮಾಡಿ ಇಟ್ಟರೆ ಅದು ಯಾರ ಕೈ ಸೇರುತ್ತದೆ ಎನ್ನುವುದು ಪಟ್ಟಿ ಮಾಡಿದವನ ಕೈಯಲ್ಲಿರುವುದಿಲ್ಲ. ಇನ್ನೂರು ವರ್ಷದ ಹಿಂದೆ ಶ್ರೀರಂಗಪಟ್ಟಣದ ಪಾದ್ರಿಯೊಬ್ಬರ ಬರಹದಲ್ಲೇ ಇದು ಸಾಬೀತಾಗಿದೆ. ಇವತ್ತಿನ ಪಟ್ಟಿಗಳಂತೂ ಯಾರು ಬೇಕಾದರೂ ತೆರೆದು ನೋಡುವಂತಿವೆ.

ತೆರೆದು ನೋಡುತ್ತಲೂ ಇದ್ದಾರೆ. ವಿದೇಶದಲ್ಲಿ ಕೂತು ಪುಟ ಬರೆದವನಿಗೆ ಅದರಿಂದ ಏನೂ ಆಗುವುದಿಲ್ಲ. ಆಗುವುದು ಇಲ್ಲಿನ ಬಾಡಿಗೆ ಮನೆಯಲ್ಲಿ ಹನ್ನೆರಡು ಜನ ಸೇರಿಸಿ ಭಾನುವಾರದ ಆರಾಧನೆ ನಡೆಸುವ ಪಾಸ್ಟರನಿಗೆ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆಮಿಷದ ಆರೋಪದಲ್ಲಿ ನೆಂಟ, ಸಹೋದ್ಯೋಗಿ ಯಾರು ಬೇಕಾದರೂ ದೂರು ಕೊಡಬಹುದು. ಮಹಿಳೆ, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರ ವಿಷಯವಾದರೆ ಹತ್ತು ವರ್ಷದವರೆಗೆ ಜೈಲು. 2023ರ ಜೂನ್‌ನಲ್ಲಿ ಈ ಕಾಯ್ದೆ ಹಿಂತೆಗೆಯುವುದಾಗಿ ಸಂಪುಟ ತೀರ್ಮಾನಿಸಿದ್ದೂ ಸುದ್ದಿಯಾಯಿತು. ಕಾಯ್ದೆ ಅನ್ಯಾಯದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ "ನೋಡಿ, ಇವರ ಬಳಿ ನಮ್ಮ ಜಾತಿಯ ಲೆಕ್ಕವಿದೆ, ತಾಲ್ಲೂಕಿನ ಗುರಿಯಿದೆ" ಎಂದು ತೋರಿಸಲು ಕಾಗದ ಒದಗಿಸಿಕೊಟ್ಟವರು ಯಾರು? 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಗಾಜು ಒಡೆದಾಗ ಪೆಟ್ಟು ತಿಂದವರು ಯಾವ ಪಟ್ಟಿಯನ್ನೂ ಬರೆದವರಲ್ಲ.

ಪಟ್ಟಿಯ ಭಾಷೆಯನ್ನೂ ನೋಡಿ. ಗುರಿ, ಕೋಟೆ, ಭೇದಿಸುವುದು, ವಶಪಡಿಸಿಕೊಳ್ಳುವುದು. ಕೋಟೆ ಒಡೆದ ತೂತು ಇನ್ನೂ ಕಣ್ಣ ಮುಂದಿರುವ ಶ್ರೀರಂಗಪಟ್ಟಣದಲ್ಲಿ, ಫ್ರೆಂಚರ ಪಡೆ ತಂಗಿದ್ದರಿಂದ ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದ ಪಾಂಡವಪುರದಲ್ಲಿ, ಈ ಮಾತುಗಳು ಹೇಗೆ ಕೇಳಿಸುತ್ತವೆ ಎಂದು ಬರೆದವರು ಯೋಚಿಸಿದ್ದಾರೆಯೇ?

ಇನ್ನು ಜಾತಿ. ಕ್ರಿಸ್ತನಲ್ಲಿ ಜಾತಿಯಿಲ್ಲ ಎಂದು ವೇದಿಕೆಯ ಮೇಲೆ ಸಾರುವವರು ಕಚೇರಿಗೆ ಹೋಗಿ ಜಾತಿ ಹಿಡಿದೇ ಜನರನ್ನು ಎಣಿಸುತ್ತಾರೆ. ಒಕ್ಕಲಿಗರಿಗೆ ಒಕ್ಕಲಿಗರ ಸಭೆ, ಕುರುಬರಿಗೆ ಕುರುಬರ ಸಭೆ, ಹಾಗಿದ್ದರೆ ಬೇಗ ಬೆಳೆಯುತ್ತದಂತೆ. ಬೆಳೆಯುತ್ತದೆ, ಯಾಕೆ ಬೆಳೆಯುವುದಿಲ್ಲ? ಜಾತಿ ನಮ್ಮಲ್ಲಿ ಯಾವತ್ತು ಸೊರಗಿದೆ? ದೇವಸ್ಥಾನದ ಬಾಗಿಲಲ್ಲಿ ತಡೆಯಲ್ಪಟ್ಟವನು ಇಗರ್ಜಿಯಲ್ಲಿ ಬೇರೆ ಬೆಂಚು ಕಂಡರೆ ಅವನಿಗೆ ಸಿಕ್ಕ ಸುವಾರ್ತೆ ಯಾವುದು? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತನೊಬ್ಬ ಕ್ರೈಸ್ತನಾದ ಕೂಡಲೇ ಪರಿಶಿಷ್ಟ ಜಾತಿಯ ಹಕ್ಕು ಕಳೆದುಕೊಳ್ಳುತ್ತಾನೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ಇನ್ನೂ ಇಲ್ಲ. ಇದಕ್ಕಾಗಿ ವಾರಕ್ಕೊಂದು ಉಪವಾಸ ಪ್ರಾರ್ಥನೆ ಕರೆದ ಸಭೆಗಳೆಷ್ಟು? ಜಾತಿಯ ಲೆಕ್ಕ ಬೇಕು, ಜಾತಿಯ ನೋವು ಬೇಡ!

ಪ್ರಾರ್ಥನೆಯ ಅಂಶಗಳೆಂದು ಕೊಡುವುದಾದರೂ ಏನು? ಇವರ ಕಣ್ಣು ತೆರೆಯಲಿ, ಇವರ ಮುಖಂಡರು ಮೊದಲು ನಂಬಲಿ, ಇವರ ನಡುವೆ ಸಭೆಗಳು ಹುಟ್ಟಲಿ. ಹೆಸರು ಬದಲಿಸಿದರೆ ಅದೇ ಪ್ರಾರ್ಥನೆ ಬಿಹಾರಕ್ಕೂ ಆಗುತ್ತದೆ, ಮಂಗೋಲಿಯಾಕ್ಕೂ ಆಗುತ್ತದೆ. ರೆಡಿಮೇಡ್ ಅಂಗಡಿಯ ಅಂಗಿಯಂತೆ, ಯಾರ ಮೈಗೂ ಸರಿ ಕೂರುವುದಿಲ್ಲ, ಎಲ್ಲರಿಗೂ ಮಾರಾಟವಾಗುತ್ತದೆ.

ನಮ್ಮ ತಾಲ್ಲೂಕುಗಳಿಗೆ ಏನು ಬೇಕಿತ್ತು ಎಂದು ನಾನು ಹೇಳಲೇ? 2015ರ ಮುಂಗಾರಿನಲ್ಲಿ ಕಬ್ಬು ಕೊಂಡ ಕಾರ್ಖಾನೆಗಳು ಬಾಕಿ ಕೊಡದೆ, ಸಾಲ ತೀರದೆ, ಮಂಡ್ಯದ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. 2020ರ ಮೇನಲ್ಲಿ ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಕೆ.ಆರ್. ಪೇಟೆ, ನಾಗಮಂಗಲದವರು ಕೊರೊನಾಕ್ಕೆ ಹೆದರಿ ಊರಿಗೆ ಮರಳಿದಾಗ ಊರವರೇ ಅವರನ್ನು ಮುಟ್ಟಬಾರದವರಂತೆ ಕಂಡರು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದಾಗ, ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ ಎಂದು ಗೊತ್ತಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಗು ಹೌದೋ ಅಲ್ಲವೋ ಎಂದು ನೋಡಿ ಸಾವು ತೀರ್ಮಾನವಾಗುತ್ತಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಂಥದ್ದೇ ಪ್ರಕರಣ ಬೆಳಕಿಗೆ ಬಂತು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದ ಗಣಪತಿ ಮೆರವಣಿಗೆಯಲ್ಲಿ ಗಲಭೆಯೆದ್ದು ಅಂಗಡಿಗಳು ಸುಟ್ಟುಹೋದವು. ನಾಲೆ ಹರಿಯುವ ಶ್ರೀರಂಗಪಟ್ಟಣಕ್ಕೂ ಮಳೆಗೆ ಬಾಯಿ ಬಿಟ್ಟು ಕೂರುವ ನಾಗಮಂಗಲಕ್ಕೂ ನಡುವಿನ ಅಂತರವನ್ನಂತೂ ಯಾವ ಕೆಂಪು ಗುರುತೂ ತೋರಿಸುವುದಿಲ್ಲ. ಇವು ದೇವರ ಮುಂದೆ ತರಬೇಕಾದ ಸಂಗತಿಗಳಲ್ಲವೇ? ಹುಟ್ಟುವ ಮೊದಲೇ ಕೊಲ್ಲಲ್ಪಟ್ಟ ಹೆಣ್ಣುಮಗುವಿಗೆ ಸುವಾರ್ತೆ 'ತಲುಪಿತೇ' ಎಂದು ಯಾವ ಕಾಲಂ ಕೇಳುತ್ತದೆ?

"ಪಟ್ಟಿಯಿಲ್ಲದೆ ಪ್ರಾರ್ಥಿಸುವುದು ಹೇಗೆ, ವಿವರ ಬೇಡವೇ?" ಎಂದು ಕೇಳುವವರಿದ್ದಾರೆ. ವಿವರ ಬೇಕು, ಯಾರು ಬೇಡವೆಂದರು? ಪಾದ್ರಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತೆಗೆದರು, 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಬೇರೆ ಮತದವರ ಭಕ್ತಿಯನ್ನು ಪಾದ್ರಿಯೊಬ್ಬ ಕಿವಿಗೊಟ್ಟು ಕೇಳಿ, ಅವರ ಮೊಮ್ಮಕ್ಕಳಿಗೆ ಉಳಿಸಿಕೊಟ್ಟ. ಇನ್ನೊಬ್ಬ ಪಾದ್ರಿ ಕಿಟ್ಟೆಲ್ ದಶಕಗಟ್ಟಲೆ ಕೂತು 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಮೈಸೂರಿನ ವೆಸ್ಲಿಯನ್ ಮಿಷನ್ನಿನವರು ವೃತ್ತಾಂತ ಪತ್ರಿಕೆ ನಡೆಸಿದರು. ಮಿಷನ್ನಿಗೆ ಸಂಪನ್ಮೂಲ ಎಂದರೆ ಹಾಗಿರುತ್ತಿತ್ತು: ಅದನ್ನು ಓದಿದ ಹಿಂದೂವಿಗೂ ಮುಸಲ್ಮಾನನಿಗೂ ಅದರಿಂದ ಉಪಯೋಗವಾಗುತ್ತಿತ್ತು. ಅವರಿಗೂ ವಸಾಹತಿನ ಅಹಂಕಾರ ಇತ್ತು, ಮತಾಂತರದ ಆಸೆಯೂ ಇತ್ತು. ಆದರೆ ಅವರು ತಮ್ಮ ಕೆಲಸವನ್ನು ನಾವು ಓದಬಲ್ಲ ಭಾಷೆಯಲ್ಲಿ, ನಮ್ಮ ಕಣ್ಣೆದುರಿಗೆ ಮಾಡಿದರು. ಇಂದಿನ ಪಟ್ಟಿ ನಮ್ಮ ಬಗ್ಗೆ ಇದೆ, ನಮಗಾಗಿ ಇಲ್ಲ. ಅದು ಬೇರೆಯವರಿಗೆ ನಮ್ಮನ್ನು ತೋರಿಸಿ ಕಾಣಿಕೆ ಎತ್ತುವುದಕ್ಕೆ ಇರುವಂಥದ್ದು. ಕೆಂಪು ಗುರುತು ಹಸಿರಾದರೆ ಹಣದ ಹರಿವೂ ನಿಲ್ಲುತ್ತದಲ್ಲವೇ? ಹಾಗಾಗಿ ಗಂಜಾಂ ಇಗರ್ಜಿ ಕಾಣದಿರುವುದೇ ಕ್ಷೇಮ.

ಸತ್ಯವೇದ ಓದುವವರಿಗೆ ಒಂದು ನೆನಪು. ಸಮುವೇಲನ ಎರಡನೆಯ ಪುಸ್ತಕದ ಕಡೆಯ ಅಧ್ಯಾಯದಲ್ಲಿ ದಾವೀದ ಅರಸ ಜನರನ್ನು ಎಣಿಸಲು ಹೊರಡುತ್ತಾನೆ. ಬೇಡ ಎಂದು ಅವನ ಸೇನಾಪತಿಯೇ ಹೇಳುತ್ತಾನೆ. ಕೇಳುವುದಿಲ್ಲ. ಕತ್ತಿ ಹಿಡಿಯಬಲ್ಲವರ ಸಂಖ್ಯೆ ಕೈಗೆ ಬಂದ ಮೇಲೆ ಅವನ ಮನಸ್ಸೇ ಅವನನ್ನು ಚುಚ್ಚುತ್ತದೆ, ನಾಡಿಗೆ ವ್ಯಾಧಿ ಬರುತ್ತದೆ. ಈ ಅಧ್ಯಾಯದ ಮೇಲೆ ಬೋಧನೆ ಮಾಡಿದ ಪಾಸ್ಟರುಗಳನ್ನು ಕೇಳಿದ್ದೇನೆ. ಮುಗಿಸಿ ಕೆಳಗಿಳಿದು ಅವರೇ ಪಟ್ಟಿ ಹಂಚುತ್ತಾರೆ.

1910ರಲ್ಲಿ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ತಮಿಳುನಾಡಿನ ವಿ.ಎಸ್. ಅಜರಯ್ಯ ಎದ್ದು ನಿಂತು, ನೀವು ಸ್ವತ್ತು ಕೊಟ್ಟಿರಿ, ಜೀವವನ್ನೇ ಕೊಟ್ಟಿರಿ, ಸ್ನೇಹ ಮಾತ್ರ ಕೊಡಲಿಲ್ಲ ಎಂಬರ್ಥದ ಮಾತಾಡಿ ಸಭೆಯನ್ನು ಬೆಚ್ಚಿಬೀಳಿಸಿದರು. ನೂರು ವರ್ಷ ಕಳೆದ ಮೇಲೂ ನಮಗೆ ಸಿಕ್ಕಿದ್ದು ಸ್ನೇಹಿತರಲ್ಲ, ಗಣತಿದಾರರು.

ಇದನ್ನು ಓದಿ ಕೈ ಉಜ್ಜಿಕೊಳ್ಳುವ ಇನ್ನೊಂದು ಗುಂಪಿದೆ, ಅವರಿಗೂ ಒಂದು ಮಾತು. ಯಾರ ಮನೆಯಲ್ಲಿ ಯಾರು ಪ್ರಾರ್ಥನೆ ಮಾಡುತ್ತಾರೆ ಎಂದು ಪಟ್ಟಿ ಇಟ್ಟುಕೊಂಡು ಬಾಗಿಲು ಬಡಿಯುವವರೂ ಎಣಿಸುವವರೇ. ನನ್ನ ಜಗಳ ನನ್ನ ಮನೆಯವರ ಜೊತೆ. ನೀವು ಸಾಕ್ಷಿಗೆ ಬರಬೇಕಾಗಿಲ್ಲ.

ಮನೆಯವರಿಗೆ ಒಂದು ಪರೀಕ್ಷೆ ಇಡುತ್ತೇನೆ. ಆ ಪುಟವನ್ನು ಕನ್ನಡಕ್ಕೆ ತನ್ನಿ. ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ, ಕೆ.ಆರ್. ಪೇಟೆಯ ಸಂತೆಯಲ್ಲಿ, ಅದು ಯಾರ ಬಗ್ಗೆ ಇದೆಯೋ ಅವರೆದುರಿಗೇ ಗಟ್ಟಿಯಾಗಿ ಓದಿ. ಓದಲು ನಾಲಿಗೆ ಏಳದಿದ್ದರೆ ಅದು ಪ್ರಾರ್ಥನೆಯಲ್ಲ, ಬೆನ್ನ ಹಿಂದಿನ ಮಾತು. ಆಸ್ಪತ್ರೆಯ ಮಂಚದ ಪಕ್ಕ ನಿಂತು, "ಅಕ್ಕಾ, ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ಎಂದು ಕೇಳಿದರೆ ನಮ್ಮ ಸೀಮೆಯ ಹೆಂಗಸರು ಬೇಡವೆನ್ನುವುದು ಕಡಿಮೆ. "ಮಾಡಪ್ಪಾ, ಯಾವ ದೇವರಾದರೇನು" ಎನ್ನುತ್ತಾರೆ. ಕೇಳಿ ಮಾಡುವ ಪ್ರಾರ್ಥನೆಗೂ ಕೇಳದೆ ಮಾಡುವ ಎಣಿಕೆಗೂ ಇರುವ ವ್ಯತ್ಯಾಸ ಆ ಅಕ್ಕನಿಗೆ ಗೊತ್ತು, ನಮ್ಮ ಸೆಮಿನರಿಗಳಿಗೆ ಗೊತ್ತಿಲ್ಲ.

ಆದ್ದರಿಂದ ಪಾಸ್ಟರುಗಳೇ, ಫಾದರುಗಳೇ, ಸಭಾ ಹಿರಿಯರೇ: ಜಾತಿವಾರು ಪ್ರಾರ್ಥನಾ ಪಟ್ಟಿ ಇನ್ನು ನಿಮ್ಮ ಪೀಠದ ಮೇಲೆ ಕಾಣಬಾರದು. ಹಳ್ಳಿ ಲೆಕ್ಕ, ತಲೆ ಲೆಕ್ಕ ಕೇಳಿ ಬರುವ ಹಣವನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿ. ಪ್ರತಿ ಭಾನುವಾರ ತಾಲ್ಲೂಕಿನ ಆಸ್ಪತ್ರೆಯ, ನಾಲೆಯ, ಕಬ್ಬಿನ ಬಾಕಿಯ, ಬಸುರಿ ಹೆಂಗಸರ ಸುದ್ದಿಯನ್ನು ಊರ ಪತ್ರಿಕೆಯಿಂದ ಓದಿ, ಅದಕ್ಕಾಗಿ ಕನ್ನಡದಲ್ಲಿ ಪ್ರಾರ್ಥಿಸಿ, ಸೋಮವಾರ ಹೋಗಿ ಆ ಬಾಗಿಲು ತಟ್ಟಿ. ಮತ್ತು ಪಟ್ಟಿ ಬರೆಯುವ ದೂರದ ಸಹೋದರರೇ, ನಿಮಗೆ ನಮ್ಮ ಮೇಲೆ ಪ್ರೀತಿ ಇರುವುದು ನಿಜವಾದರೆ ಒಂದು ಕೆಲಸ ಮಾಡಿ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜನರ ಹೆಸರನ್ನು ಆ ಪಟ್ಟಿಯಿಂದ ಹೊಡೆದುಹಾಕಿ.